ಮುಂದಿನ ಗಾಲಿಯ ಬ್ರೇಕು

ಹನಗೋಡು, ೩ ಫೆಬ್ರವರಿ ೧೯೪೧
ಹುಣಸೂರಿನ ಬಸ್ ವರ್ಕ್‌ಶಾಪಿನಿಂದ ಬಂದವನೇ ಮತ್ತೆ ಕೊಟ್ಟಿಗೆಗೆ. ಅಣ್ಣನ ಮೋಟಾರ್ ಸೈಕಲ್ ಮುಂದೆ ಕೂತೆ. ಡೊಂಕಾಗಿದ್ದ ಫೋರ್ಕು ನಿನ್ನೆಯೇ ನೇರ ಮಾಡಿದ್ದೆ. ಇವತ್ತು ಹಿಂದಿನ ಗಾಲಿಯಿಂದ ಮುಂದಿನದಕ್ಕೆ ಹುರಿ ಎಳೆದು ನೋಡಿದೆ. ಹಿಂದಿನದು ಕೊಂಚ ವಾರೆ. ನಟ್ಟು ಸಡಿಲಿಸಿ ಸರಿಮಾಡಿದೆ. ಎರಡೂ ಈಗ ಒಂದೇ ಗೆರೆ. ಅದರಿಂದ ಏನು ಗೊತ್ತಾಯಿತು? ಏನೂ ಇಲ್ಲ. ಬಿದ್ದ ಹೊಡೆತಕ್ಕೇ ವಾರೆಯಾಗಿರಬಹುದು.

ಅತ್ತಿಗೆ ನೀಲಾಂಬಿಕೆ ತೀರಿಹೋಗಿ ತಿಂಗಳಾಯಿತು. ಅವರನ್ನು ಹಿಂದೆ ಕೂರಿಸಿಕೊಂಡು ಲಕ್ಷ್ಮಣತೀರ್ಥದ ಸೇತುವೆಗೆ ಇಳಿಯುವಾಗ ಬ್ರೇಕು ಹಿಡಿಯಲಿಲ್ಲ ಅಂತ ಅಣ್ಣ ಮೊದಲು ಹೇಳಿದ. ಯಾರೂ ನಂಬಲಿಲ್ಲ. ಈಗ ಅವನೂ ನಂಬುವುದಿಲ್ಲ. ಮುರಿದ ಕಾಲು ಚಾಚಿ, ಗೋಡೆಗೆ ಮುಖ ಮಾಡಿ ಮಲಗಿರುತ್ತಾನೆ. “ನಾನೇ ಕೊಂದೆ ಕಣ್ಲಾ ಮಾದೇವ.” ಬೇರೆ ಮಾತಿಲ್ಲ. ಊಟ ಮುಟ್ಟುವುದಿಲ್ಲ. ಹೀಗೇ ಆದರೆ ಅವನೂ ಉಳಿಯುವುದಿಲ್ಲ. ತಪ್ಪು ಗಾಡಿಯದು ಅಂತ ತೋರಿಸಿಬಿಟ್ಟರೆ...

೬ ಫೆಬ್ರವರಿ
ಮುಂದಿನ ಗಾಲಿ ಕಳಚಿ ಬ್ರೇಕಿನ ಡ್ರಮ್ಮು ತೆಗೆದೆ. ಬ್ರೇಕಿನ ಲೈನಿಂಗ್ ತುಂಬ ಜಿಡ್ಡು! ಜಿಡ್ಡಾದರೆ ಬ್ರೇಕು ಹಿಡಿಯದೆ ಜಾರುತ್ತದೆ. ಆದರೆ ಈ ಜಿಡ್ಡು ಬಿದ್ದ ಮೇಲೆ ಸೋರಿದ್ದೋ, ಮೊದಲೇ ಇತ್ತೋ? ಅಣ್ಣನಿಗೆ ಹೇಳಲಿಲ್ಲ. ಆಸೆ ಹುಟ್ಟಿಸಿ ಮತ್ತೆ ಕಿತ್ತುಕೊಳ್ಳಬಾರದು. ಪೆಟ್ರೋಲಿನಲ್ಲಿ ತೊಳೆದು, ಉಪ್ಪುಕಾಗದ ಉಜ್ಜಿ ಜೋಡಿಸಿದೆ. ಹೊಳೆವರೆಗೆ ಹೋಗಿ ಬಂದೆ. ಬ್ರೇಕು ಗಪ್ಪನೆ ಹಿಡಿಯಿತು. ತಾನಾಗಿ ಸೋರುತ್ತದೋ ಇಲ್ಲವೋ, ಕಾದು ನೋಡಬೇಕು.

ಅಪ್ಪ ಬಾಗಿಲಲ್ಲಿ ನಿಂತಿದ್ದರು. “ಗಾಡಿದೇನಿಲ್ಲ ಬುಡ್ಲಾ. ಇವನ ಓಟದ ಉಚ್ಚು ಆ ಉಡುಗೀನ ತಿಂತು.” ಒಳಗೆ ಅಣ್ಣನಿಗೂ ಕೇಳಿಸಿರಬೇಕು. ಆಮೇಲೆ ಎತ್ತಿನ ಮೈಗೆ ಹಣೆ ಆನಿಸಿಕೊಂಡು ಅತ್ತರು. ಸೊಸೆ ಅಂದರೆ ಜೀವ ಬಿಡುತ್ತಿದ್ದರು.

೧೯ ಫೆಬ್ರವರಿ
ಬ್ರೇಕು ಮತ್ತೆ ಜಾರುತ್ತಿದೆ. ಬಿಚ್ಚಿದೆ. ಒಳಗೆಲ್ಲ ಕಪ್ಪಗೆ ಅಂಟಂಟು. ಬೆರಳಲ್ಲಿ ತೀಡಿ ಮೂಸಿದೆ. ಇದು ಗ್ರೀಸ್ ಅಲ್ಲ. ಹರಳೆಣ್ಣೆ. ಸುಟ್ಟ ಹುಲ್ಲಿನ ಕರಿ. ಎತ್ತಿನ ಗಾಡಿಗೆ ಹಾಕುವ ಕೀಲೆಣ್ಣೆ! ಚಿಕ್ಕಂದಿನಿಂದ ಮೂಗಿಗೆ ಗೊತ್ತಿರುವ ವಾಸನೆ.

ಸ್ಪ್ಯಾನರ್ ಕೈಯಲ್ಲೇ ಇತ್ತು. ಮನೆಯಲ್ಲಿ ಆ ಎಣ್ಣೆ ಮುಟ್ಟುವವರು ಅಪ್ಪ ಒಬ್ಬರೇ.

೨೦ ಫೆಬ್ರವರಿ, ಬೆಳಿಗ್ಗೆ
ಕೆಲಸಕ್ಕೆ ಹೋಗಲಿಲ್ಲ. ಕೊಟ್ಟಿಗೆಯಲ್ಲೇ ಕಾದೆ. ಅಪ್ಪ ಕೀಲೆಣ್ಣೆಯ ಬಿದಿರು ಗೊಟ್ಟ ಹಿಡಿದು ಬಂದರು. ಮೊದಲು ಎತ್ತಿನ ಗಾಡಿಯ ಎರಡು ಚಕ್ರ. ಆಮೇಲೆ ಮೋಟಾರ್ ಸೈಕಲ್. ಮುಂದಿನ ಗಾಲಿಯ ನಡುವಿನ ಗುಂಬದ ಮೇಲಿನ ಪುಟ್ಟ ಮುಚ್ಚಳ ಎತ್ತಿ ತುಂಬಿಸಿದರು. ಹೆಚ್ಚಾದ ಎಣ್ಣೆ ಅಲ್ಲಿಂದ ನೇರ ಬ್ರೇಕಿಗೇ ಇಳಿಯುತ್ತದೆ. ತುಳುಕಿದ್ದನ್ನು ಹೆಗಲ ವಸ್ತ್ರದಲ್ಲಿ ಒರೆಸಿದರು.

“ಯಾವಾಗಿಂದ ಹಾಕ್ತಾ ಇದೀರಪ್ಪ?”

“ತಂದಾಗಿಂದ್ಲೂ. ನಿಮ್ಮಣ್ಣಂಗೆ ಗ್ಯಾನ ಎಲ್ಲೈತೆ? ಸಂತೆಗೆ ಹೊಂಟಾಗೆಲ್ಲ ನಾನೇ ಹುಯ್ತಿದ್ದೆ. ಆವತ್ತು ಸೊಸೆ ಕೂತ್ಕತಾಳೆ ಅಂತ ಒಂದೀಟು ಜಾಸ್ತಿನೇ ಹುಯ್ದಿದ್ದೆ. ಈಗ ನೀನು ಓಡುಸ್ತಿದ್ದೀಯಲ್ಲ. ಒಣಗಿದ್ ಗಾಲೀಲಿ ಓಗ್ಬೇಡ ಮಗ.”

ನನ್ನ ತಲೆ ಸವರಿ ಎತ್ತು ಬಿಚ್ಚಲು ಹೋದರು.

ಅದೇ ದಿನ, ಮಧ್ಯಾಹ್ನ
ತಾವು ಹುಯ್ದ ಎಣ್ಣೆಯೇ ಬ್ರೇಕು ಜಾರಿಸಿತು ಅಂತ ಅಪ್ಪನಿಗೆ ಗೊತ್ತಿಲ್ಲ. ಗೊತ್ತಾದರೆ ಆ ಗಳಿಗೆಯೇ ಹೊಳೆಗೆ ಹಾರುತ್ತಾರೆ.

ಅಣ್ಣ ಕೇಳಿದ, “ಏನಾರ ಸಿಕ್ತೇನ್ಲಾ?” ಗೋಡೆ ಕಡೆಗೇ ಮುಖ.

“ಇಲ್ಲ ಕಣಣ್ಣ. ಬ್ರೇಕು ನೆಟ್ಟಗೈತೆ.”

“ಅಂಗಾರೆ ನಾನೇ. ಬುಡು.”

ಥೂ ನನ್ನ ಬಾಯಿಗೆ! ಯಾರನ್ನು ಉಳಿಸಿಕೊಳ್ಳಲಿ, ಯಾರನ್ನು ಬಿಡಲಿ? ಯಾಕಾದರೂ ಆ ಗಾಲಿ ಬಿಚ್ಚಿದೆನೋ.

೨೭ ಫೆಬ್ರವರಿ
ಅಣ್ಣ ಇವತ್ತು ನೀರೂ ಒಲ್ಲೆ ಅಂದ. ಅಪ್ಪ ಪಕ್ಕದಲ್ಲಿ ಕೂತು ಗಂಜಿ ಲೋಟ ಹಿಡಿದು ಅಂಗಲಾಚುತ್ತಿದ್ದರು. ನೋಡಲಾಗಲಿಲ್ಲ. ಬಾಯಿಂದ ಬಂದೇಬಿಟ್ಟಿತು — “ಅಣ್ಣ, ನಿಂದೇನೂ ತಪ್ಪಿಲ್ಲ. ಬ್ರೇಕೊಳಗೆ ಎಣ್ಣೆ ಇತ್ತು.” ಯಾವ ಎಣ್ಣೆ ಅನ್ನಲಿಲ್ಲ. ಅಷ್ಟಕ್ಕೇ ನಿಂತರೆ ಇಬ್ಬರೂ ಉಳಿಯುತ್ತಾರೆ ಅಂದುಕೊಂಡೆ.

“ಇಲ್ದೆ ಏನ್ಲಾ?” ಅಂದರು ಅಪ್ಪ. “ನಾನೇ ಹುಯ್ತಿದ್ನಲ್ಲ. ಒಂದಿನಾನೂ ತಪ್ಪಿಸಿಲ್ಲ.” ಹೆಮ್ಮೆಯಿಂದಲೇ ಅಂದರು.

ಅಣ್ಣ ಗೋಡೆಯಿಂದ ಮುಖ ತಿರುಗಿಸಿದ. ಇಷ್ಟು ದಿನಕ್ಕೆ ಮೊದಲ ಸಲ. ಅಪ್ಪನನ್ನೇ ನೋಡಿದ. ಮಗ ಮುಖ ಕೊಟ್ಟನಲ್ಲ ಅಂತ ಅಪ್ಪನಿಗೆ ಸಂತೋಷ. ನಗುತ್ತ ಲೋಟ ಅವನ ಬಾಯಿಗೆ ಹಿಡಿದರು. ಅಣ್ಣ ಒಮ್ಮೆ ನನ್ನನ್ನೂ ನೋಡಿದ, ಅವನಿಗೆ ಎಲ್ಲ ತಿಳಿದುಹೋಗಿತ್ತು; “ಕೊಡಪ್ಪ” ಅಂದು ಗಂಜಿ ಕುಡಿದ.