ಹಿಂದಕ್ಕೆ ಮಾತ್ರ ನಿಲ್ಲುವ ಗಾಡಿ

3 ಮಾರ್ಚ್, ಮಂಗಳವಾರ. ಮಧ್ಯಾಹ್ನ 1:30

ಬೆಳಿಗ್ಗೆ ಮೂರು ಕ್ಲಾಸ್. ಇಂಜಿನ್ ಆಫ್ ಆದದ್ದು ಒಂಬತ್ತು ಸಲ. ಅದರಲ್ಲಿ ಎಂಟು ಹಲ್ಲಿನ ಡಾಕ್ಟರಮ್ಮ ಒಬ್ಬರದೇ. ಕ್ಲಚ್ಚನ್ನು ಹಲ್ಲು ಕಿತ್ತ ಹಾಗೆ ಬಿಡುತ್ತಾರೆ. "ಮೇಡಂ, ಇದಕ್ಕೂ ಒಂದು ಅರಿವಳಿಕೆ ಚುಚ್ಚಿ, ನಿಧಾನಕ್ಕೆ ಬಿಡಿ" ಎಂದೆ. ನಕ್ಕರು. ನಗುವಾಗಲೇ ಎಂಟನೆಯದು.

ನನ್ನ ಬಲಗಾಲು ಎಂದಿನಂತೆ ಎರಡನೇ ಬ್ರೇಕಿನ ಮೇಲೆ. ನಮ್ಮ ಸ್ಕೂಲಿನ ಕಾರುಗಳಲ್ಲಿ ಕಲಿಯುವವರಿಗೊಂದು ಪೆಡಲ್, ಕಲಿಸುವವನಿಗೊಂದು. ಮೂವತ್ತೊಂದು ವರ್ಷದಿಂದ ಊರವರ ಗಾಡಿ ನಿಲ್ಲಿಸುತ್ತ ಬಂದಿದ್ದೇನೆ. ಸ್ವಂತ ಸೈಕಲ್ಲೂ ಇಲ್ಲದೆ ಶುರು ಮಾಡಿದವನು. ಈಗ ನಾಲ್ಕು ಕಾರು, ಬೋರ್ಡಿನ ಮೇಲೆ ನನ್ನದೇ ಫೋಟೊ. ಫೋಟೊದಲ್ಲಿ ಕೂದಲಿದೆ.

ಹೆಂಡತಿ ಆಸ್ಪತ್ರೆಯಿಂದ ಬಂದಳು. ಮೊಣಕಾಲಿನ ಆಪರೇಷನ್ 27ಕ್ಕೆ ಗೊತ್ತಾಗಿದೆ. ಆಮೇಲೆ ಕಾಲು ಎತ್ತಿ ಹಾಕಿ ಕೂರುವ ಹಾಗಿಲ್ಲವಂತೆ, ಬಹುಶಃ ಯಾವತ್ತೂ. ಫೈಲನ್ನು ಬೀರುವಿನಲ್ಲಿಡುತ್ತ, ನನ್ನ ಕಡೆ ನೋಡದೆ ಹೇಳಿದಳು — "ಅದಕ್ಕೆ ಮುಂಚೆ ಒಂದು ಸಲ ನೀರಿನ ಟ್ಯಾಂಕಿನ ಗುಡ್ಡಕ್ಕೆ ಹೋಗಿ ಬರೋಣ. ಬೈಕಲ್ಲಿ."

ಒಂಬತ್ತು ವರ್ಷದಲ್ಲಿ ಬೈಕ್ ಎಂಬ ಮಾತು ಅವಳ ಬಾಯಿಂದ ಬಂದದ್ದು ಇದೇ ಮೊದಲು.

ಕಾರಲ್ಲಿ ಹೋಗೋಣ ಎಂದೆ.

"ಕಾರಲ್ಲಿ ಗಾಳಿ ಎಲ್ಲಿ ಸಿಗತ್ತೆ ಮೇಷ್ಟ್ರೇ. ಬೈಕಲ್ಲೇ. ಆದ್ರೆ ನಾನು ಹೇಳಿದ ಜಾಗದಲ್ಲಿ ಅದು ನಿಲ್ಲಬೇಕು. ನಿಲ್ಲಲ್ಲ ಅಂದ್ರೆ ನಾನು ಹತ್ತಲ್ಲ."

ಮೇಷ್ಟ್ರು — ನಾನೇ. ಅವಳು ನನ್ನ ನಲವತ್ತಮೂರನೇ ವಿದ್ಯಾರ್ಥಿನಿ. ಲೈಸೆನ್ಸ್ ಕೈಗೆ ಬಂದ ಮೇಲೂ ಆರು ತಿಂಗಳು ಕ್ಲಾಸಿಗೆ ಬಂದಳು. ಹಾಜರಿ ಪುಸ್ತಕದಲ್ಲಿದೆ.

ಆ ಗುಡ್ಡದಿಂದ ಇಳಿಯುವಾಗಲೇ ಒಂಬತ್ತು ವರ್ಷದ ಹಿಂದೆ ಅದು ಆದದ್ದು. ತಿರುವಿನಲ್ಲಿ ನಾಯಿ ಅಡ್ಡ ಬಂತು. ಕಂದು ಬಣ್ಣದ್ದು. ಮುಂದಿನ ಬ್ರೇಕ್ ಹಿಡಿದೆ, ಹಿಡಿಯಲಿಲ್ಲ. ಮರಳಿನ ರಾಶಿಗೆ ಹೋಗಿ ಬಿದ್ದೆವು. ನನಗೆ ಏನೂ ಆಗಲಿಲ್ಲ. ಅವಳ ಮೊಣಕಾಲು ಅವತ್ತಿನದೇ.

4 ಮಾರ್ಚ್. ಬೆಳಿಗ್ಗೆ 5:50

ಕನಸು. ಗುಡ್ಡ ಇಳಿಯುತ್ತಿದ್ದೇವೆ. ಇಂಜಿನ್ನಿನ ಸದ್ದಿಲ್ಲ. ರಸ್ತೆ ಹೊಳೆಯ ಹಾಗೆ ಕೆಳಗೆ ಹರಿಯುತ್ತಿದೆ, ನಾವು ಅದರ ಮೇಲೆ. ಹಿಂದೆ ಅವಳಿದ್ದಾಳೆ ಎಂದು ಗೊತ್ತು, ಭಾರವಿಲ್ಲ. ಬ್ರೇಕ್ ಹಿಡಿದೆ. ಲಿವರ್ ಬೆಣ್ಣೆಯಂತೆ ಕರಗಿ ಬೆರಳ ಸಂದಿಯಿಂದ ಇಳಿದುಹೋಯಿತು. ಹೆದರಿಕೆಯಾಗಬೇಕಿತ್ತು. ಆಗಲಿಲ್ಲ... ತಣ್ಣಗಿತ್ತು, ಅಷ್ಟೆ.

"ಮತ್ತೆ ಒತ್ತಿದ್ರಿ" ಎಂದಳು, ಕಣ್ಣು ತೆರೆಯದೆ. ನಿದ್ದೆಯಲ್ಲಿ ಬಲಗಾಲಿನಿಂದ ಮಂಚದ ಹಲಗೆ ಒತ್ತುತ್ತೇನಂತೆ. "ಯಾರನ್ನ ನಿಲ್ಲಿಸ್ತಿದ್ರಿ?"

"ನಿನ್ನನ್ನೇ."

"ಮಲಗಿದವಳನ್ನ ಏನ್ರೀ ನಿಲ್ಲಿಸೋದು."

7 ಮಾರ್ಚ್, ಶನಿವಾರ

ಶೆಡ್ಡಿನಲ್ಲಿ ಬೈಕಿನ ಹೊದಿಕೆ ತೆಗೆದು ಮುಂದಿನ ಚಕ್ರ ಬಿಚ್ಚಿದೆ. ಪಾತ್ರೆಯ ಮುಚ್ಚಳದಂಥ ಪ್ಲೇಟು. ಒಳಗೆ ಅರ್ಧಚಂದ್ರದಂಥ ಎರಡು ಬ್ರೇಕ್ ಶೂ, ಅವನ್ನು ಅಗಲಿಸಲು ಒಂದೇ ಕ್ಯಾಮ್. ದುಡಿಯುವುದು ಎರಡರಲ್ಲಿ ಒಂದು ಮಾತ್ರ — ಚಕ್ರದ ಜೊತೆ ತಿರುಗುವ ಡ್ರಮ್ಮು ಅದನ್ನು ತನ್ನತ್ತ ಎಳೆದುಕೊಂಡು ಕಚ್ಚಿಸುತ್ತದೆ. ಇನ್ನೊಂದನ್ನು ಆಚೆ ತಳ್ಳುತ್ತದೆ. ಅದು ಹಾಜರಿ ಹಾಕಿ ಟೀ ಕುಡಿಯಲು ಹೋಗುವ ನೌಕರ.

ಈ ಗಾಡಿಗೆ ಹೊಸ ಸಾಮಾನು ಬರುವುದು ನಿಂತು ಇಪ್ಪತ್ತು ವರ್ಷವಾಯಿತು. ಗುಜರಿಯೇ ಗತಿ. ಅಲ್ಲಿಯ ಯಜಮಾನನಿಗೆ ಪ್ರೊಫೆಸರ್ ಎಂದು ಹೆಸರು. ಒಂದು ನಟ್ಟು ಕೇಳಿದರೆ ಅದರ ವಂಶಾವಳಿ ಹೇಳಿ ಆಮೇಲೆ ಕೊಡುತ್ತಾನೆ.

"ನಿಮಗೆ ಡಬಲ್ ಕ್ಯಾಮ್ ಬೇಕು ಸಾರ್. ಎರಡು ಶೂಗೆ ಎರಡು ಕ್ಯಾಮ್. ಎರಡೂ ಕಚ್ಚತ್ವೆ. ಗಂಡ ಹೆಂಡತಿ ಇಬ್ರೂ ದುಡಿಯೋ ಮನೆ ಇದ್ದ ಹಾಗೆ."

ದೊಡ್ಡ ಗಾಡಿಯೊಂದರ ಮುಂದಿನ ಚಕ್ರ ಉರುಳಿಸಿಕೊಂಡು ಬಂದ. ಡ್ರಮ್, ಪ್ಲೇಟ್, ಶೂ ಎಲ್ಲ ಸಮೇತ. ಆ ಗಾಡಿಗೆ ಏನಾಯಿತು ಎಂದು ಕೇಳಿದೆ.

"ಹಿಂದಿನಿಂದ ಲಾರಿ ಗುದ್ದಿದ್ದು. ಇದರ ತಪ್ಪೇನಿಲ್ಲ ಸಾರ್. ಇದು ನಿಂತಿತ್ತು."

ಇದಕ್ಕಿಂತ ಒಳ್ಳೆಯ ಸರ್ಟಿಫಿಕೇಟ್ ಯಾರು ಕೊಡುತ್ತಾರೆ. ಅವನ ಹೆಂಡತಿಗೆ ಕಾರು ಕಲಿಸಬೇಕು, ಬದಲಿಗೆ ಚಕ್ರ. ಅವನು ಇಪ್ಪತ್ತು ಕ್ಲಾಸ್ ಎಂದ, ನಾನು ಹನ್ನೆರಡು ಎಂದೆ. ಹದಿನೈದಕ್ಕೆ ಕೈ ಕುಲುಕಿದೆವು. ಹದಿನೆಂಟರ ತನಕ ಹೋಗಲು ತಯಾರಿದ್ದೆ. ಮುಖದಲ್ಲಿ ತೋರಿಸಲಿಲ್ಲ.

ಯಾಕೆ ಸಾರ್ ಇಷ್ಟು ಅರ್ಜೆಂಟು ಎಂದ. ಕಥೆ ಹೇಳಿದೆ. ತಿರುವು, ಮರಳು, ಕರಿ ನಾಯಿ, ಕರುವಿನಷ್ಟು ಎತ್ತರದ್ದು. ಚೆನ್ನಾಗಿ ಬಂತು ಕಥೆ. ಅವನ ಕಣ್ಣೂ ಒದ್ದೆ.

8 ಮಾರ್ಚ್, ಭಾನುವಾರ

ಒಂದು ಸಣ್ಣ ತೊಡಕು. ಬ್ರೇಕ್ ಹಿಡಿದಾಗ ಪ್ಲೇಟು ತಾನೇ ತಿರುಗಿಬಿಡಬಾರದು; ಅದನ್ನು ತಡೆಯಲು ಚಕ್ರ ಹಿಡಿಯುವ ಫೋರ್ಕಿನ ಕಾಲಿನಲ್ಲಿ ಒಂದು ಉಬ್ಬು ಇರುತ್ತದೆ. ನನ್ನ ಗಾಡಿಯಲ್ಲಿ ಅದು ಬಲಗಡೆ. ಚಕ್ರ ಬಂದ ಗಾಡಿಯಲ್ಲಿ ಎಡಗಡೆ ಇದ್ದಿರಬೇಕು. ಏನು ಮಹಾ. ಚಕ್ರವನ್ನು ತಿರುಗಿಸಿ ಹಾಕಿದೆ. ಗುಂಡಗಿರುವ ವಸ್ತುವಿಗೆ ಎಡವೇನು, ಬಲವೇನು.

ಕ್ಯಾಮಿನ ಲಿವರು ಉಲ್ಟಾ ದಿಕ್ಕು ನೋಡುತ್ತಿದೆ. ಕೇಬಲನ್ನು ಕೆಳಗಿನಿಂದ ಸುತ್ತಿಸಿ ತಂದೆ. ಆಕ್ಸಲ್ ತುಸು ಸಣ್ಣದು, ಆಡುತ್ತದೆ. ಸಂದು ತುಂಬಲು ಲೇತಿನಣ್ಣನಿಗೆ ಎರಡು ಬುಷ್ ಹೇಳಿ ಬಂದೆ. ಅವನು ಮಾತಾಡುವುದಿಲ್ಲ, ಲೇತಿನ ಸದ್ದಿನಲ್ಲಿ ಮೂವತ್ತು ವರ್ಷ ಇದ್ದು ಮಾತಿನ ಮೇಲೆ ನಂಬಿಕೆ ಹೋಗಿದೆ. ನಾಲ್ಕು ಬೆರಳು ತೋರಿಸಿದ. ನಾಲ್ಕು ದಿನ.

12 ಮಾರ್ಚ್, ಗುರುವಾರ. ಸಂಜೆ 4:15

ನಾಲ್ಕನೇ ದಿನವೇ ಕೊಟ್ಟ. ಬುಷ್ ಕೂತಿತು, ಚಕ್ರ ಕೂತಿತು. ಬೆರಳಿನಿಂದ ಒಮ್ಮೆ ತಳ್ಳಿದೆ.

ತಿರುಗಿತು... ತಿರುಗುತ್ತಲೇ ಇತ್ತು. ಶೆಡ್ಡಿನ ಬಾಗಿಲಿನಿಂದ ಓರೆ ಬಿಸಿಲು. ಕಡ್ಡಿಗಳು ಮಾಯವಾಗಿ ನಡುವೆ ಬೆಳಕಿನ ತಟ್ಟೆಯೊಂದು ಉಳಿಯಿತು. ಗೋಡೆಯ ಮೇಲೆ ಅದರ ನೆರಳು, ನೀರಿನೊಳಗಿನಿಂದ ನೋಡಿದ ಹಾಗೆ. ಎಷ್ಟು ಹೊತ್ತು ಕೂತಿದ್ದೆನೋ. ನಾನು ಗಡಿಯಾರ ನೋಡದೆ ಕೂತದ್ದು ಈ ವರ್ಷದಲ್ಲಿ ಇದೇ ಮೊದಲಿರಬೇಕು. ಒಂದು ಕ್ಲಾಸ್ ತಪ್ಪಿತು. ಹಲ್ಲಿನ ಡಾಕ್ಟರಮ್ಮ ಫೋನ್ ಮಾಡಿದರು, "ಸಾರ್, ನಾನು ಬದುಕಿದೀನಿ, ನೀವು?"

ಇವಳು ಲೈಬ್ರರಿ ಕೆಲಸದಿಂದ ಬಂದು ಮೆಟ್ಟಿಲ ಮೇಲೆ ಕಾಲು ನೀಡಿ ಕೂತಿದ್ದಳು. ಅಲ್ಲಿ ಈಗ ಏಣಿ ಹತ್ತುವುದು ಬಿಟ್ಟಿದ್ದಾಳೆ, ಮೇಲಿನ ಎರಡು ಸಾಲಿನ ಪುಸ್ತಕ ಯಾರಿಗೂ ಸಿಗುವುದಿಲ್ಲ.

"ಪ್ರೊಫೆಸರ್ ಹೆಂಡತಿ ಸಿಕ್ಕಿದ್ರು" ಎಂದಳು. "ಕರಿ ನಾಯಿ ಅಂತಲ್ಲ."

"ಹೂಂ."

"ಹೋದ ವರ್ಷ ನಿಮ್ಮ ಅಕ್ಕನ ಮನೇಲಿ ಬಿಳಿ ಇತ್ತು."

"ಇಳಿಸಂಜೆ, ಸರಿಯಾಗಿ ಕಾಣ್ಲಿಲ್ಲ."

"ಮಧ್ಯಾಹ್ನ ಹನ್ನೆರಡೂವರೆ ರೀ." ಪುಸ್ತಕದ ಪುಟ ತಿರುವಿದಳು. ನಗುತ್ತಿದ್ದಳೋ ಇಲ್ಲವೋ, ಪುಸ್ತಕ ಅಡ್ಡ ಇತ್ತು.

15 ಮಾರ್ಚ್, ಭಾನುವಾರ

ನಿಂತಿತು.

ಶೆಡ್ ಕಿರಿದು, ಗಾಡಿ ತಿರುಗಿಸಲು ಜಾಗವಿಲ್ಲ. ಎಂದಿನ ಹಾಗೆ ಹಿಂದಕ್ಕೆ ತಳ್ಳಿ ಇಳಿಜಾರಿನಲ್ಲಿ ಬಿಟ್ಟೆ, ಮೇಲೆ ಕೂತು. ಜಾರತೊಡಗಿತು. ಎರಡು ಬೆರಳು ಮುಟ್ಟಿಸಿದೆ, ಅಷ್ಟೇ. ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತಿತು. ಮೂರು ಸಲ ಮಾಡಿದೆ. ಮೂರು ಸಲವೂ.

ಕೂಗಿ ಹೇಳಿದೆ. ಅಡುಗೆಮನೆ ಕಿಟಕಿಯಿಂದ ನೋಡಿದಳು. "ಬುಧವಾರ ನನಗೆ ಅರ್ಧ ದಿನ ರಜೆ" ಎಂದಳು. ಅಷ್ಟೆ ಹೇಳಿದ್ದು. ಸಂಜೆ ನೋಡಿದರೆ ಹಳೆಯ ಹೆಲ್ಮೆಟ್ಟನ್ನು ಒರೆಸಿ ಟೇಬಲ್ ಮೇಲಿಟ್ಟಿದ್ದಾಳೆ. ಒಳಗಿನ ಸ್ಪಂಜು ಪುಡಿಯಾಗಿತ್ತು, ತನ್ನ ಹಳೆ ಸ್ವೆಟರಿನ ತುಂಡು ಹೊಲಿದಿದ್ದಾಳೆ.

21 ಮಾರ್ಚ್, ಶನಿವಾರ

ಆರು ದಿನ ಬರೆಯಲಿಲ್ಲ.

ಸೋಮವಾರ ಒಬ್ಬನೇ ಬಸ್ ಡಿಪೊ ಹಿಂದಿನ ಇಳಿಜಾರಿಗೆ ಹೋದೆ. ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಮೇಲಿನಿಂದ ಬಂದೆ, ಹಿಡಿದೆ. ಗಾಡಿ ಗೆರೆ ದಾಟಿತು, ಕಂಬ ದಾಟಿತು, ಬೇಲಿಯೊಳಗೆ ನುಗ್ಗಿತು. ಹಳೆ ಬ್ರೇಕಿಗಿಂತ ಕಡೆ. ಗೆರೆಯಿಂದ ಬೇಲಿಗೆ ಮೂವತ್ತೆಂಟು ಹೆಜ್ಜೆ. ಎರಡು ಸಲ ಎಣಿಸಿದೆ, ಕಡಿಮೆಯಾಗುತ್ತದೇನೋ ಎಂದು.

ಪ್ರೊಫೆಸರ್ ಬಂದು ನೋಡಿ, ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ಸುಮ್ಮನಿದ್ದ. ಅವನು ಸುಮ್ಮನಿದ್ದರೆ ಕೆಟ್ಟ ಸುದ್ದಿ.

"ಸಾರ್, ಚಕ್ರ ತಿರುಗಿಸಿ ಹಾಕಿದ್ದೀರ. ಶೂ ಕಚ್ಚೋ ದಿಕ್ಕೂ ತಿರುಗ್ತು. ಮುಂದೆ ಹೋಗುವಾಗ ಎರಡನ್ನೂ ಆಚೆ ತಳ್ಳತ್ತೆ. ಹಿಂದೆ ಹೋಗುವಾಗ ಎರಡೂ ಕಚ್ಚತ್ವೆ. ನಿಮ್ಮ ಗಾಡಿ ಹಿಂದಕ್ಕೆ ಹೋದ್ರೆ ಮಾತ್ರ ನಿಲ್ಲತ್ತೆ." ಆಮೇಲೆ, ತಡೆಯಲಾರದೆ — "ಎಡ ಬಲ ಗೊತ್ತಿಲ್ದೆ ಇದ್ರೆ ಲೈಸೆನ್ಸ್ ಕೊಡಿಸಲ್ಲ ಅಂತ ನಿಮ್ಮ ಬೋರ್ಡಲ್ಲಿದೆ."

ಬುಧವಾರ ಅವಳು ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ವರಾಂಡದಲ್ಲಿ ಕೂತಿದ್ದಳು. ಕೇಬಲ್ ಬಂದಿಲ್ಲ ಎಂದೆ. ಗುರುವಾರವೂ ಕೇಬಲ್. ಶುಕ್ರವಾರ ಕೇಬಲ್ ಬಂತು, ಆದರೆ ಉದ್ದ ಕಡಿಮೆ. ಸುಳ್ಳಿಗೂ ಅಳತೆ ಹಚ್ಚಿದೆ. ಅವಳು ಹೆಲ್ಮೆಟ್ಟನ್ನು ಮತ್ತೆ ಟೇಬಲ್ ಮೇಲಿಟ್ಟಳು, ಮೂರೂ ದಿನ, ಅದೇ ಜಾಗದಲ್ಲಿ.

ಇವತ್ತು ಊಟದ ಹೊತ್ತಿಗೆ ಹೇಳಿಬಿಟ್ಟೆ. ಬ್ರೇಕ್ ಹಿಡಿಯಲಿಲ್ಲ, ಬೇಲಿಗೆ ನುಗ್ಗಿದೆ ಎಂದೆ.

ಅನ್ನ ಕಲಸುತ್ತಿದ್ದ ಕೈ ನಿಂತಿತು. "ಮತ್ತೆ ನಾಯಿ ಬಂತಾ?" ಎಂದಳು.

ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

"ಬರ್ಲಿಲ್ಲ. ಚಕ್ರ ತಿರುಗಿಸಿ ಹಾಕಿದ್ದೆ. ನನ್ನದೇ ತಪ್ಪು."

ನಗಲು ಶುರು ಮಾಡಿದಳು. ಹಿಂದಕ್ಕೆ ಮಾತ್ರ ನಿಲ್ಲುವ ಗಾಡಿ ಎಂದು ಹೇಳಿಕೊಂಡು ಹೇಳಿಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ. "ನಿಮಗೆ ಸರಿಯಾಗಿದೆ ಬಿಡಿ ಅದು." ಸಾರು ಬಡಿಸಿದಳು. "ಇನ್ನು ಆರು ದಿನ ಇದೆ."

22 ಮಾರ್ಚ್, ಭಾನುವಾರ

ಈ ಭಾನುವಾರವೂ ಲೇತಿನಣ್ಣ ಬಾಗಿಲು ತೆಗೆದ. ಫೋರ್ಕಿನ ಎಡಗಾಲಿಗೆ ಒಂದು ಕ್ಲಾಂಪ್, ಅದರಿಂದ ಪ್ಲೇಟಿಗೆ ಒಂದು ಕಬ್ಬಿಣದ ಪಟ್ಟಿ. ಉಬ್ಬಿಲ್ಲದ ಕಡೆ ಪ್ಲೇಟನ್ನು ಅದು ಹಿಡಿದಿಡುತ್ತದೆ. ಆಗ ಚಕ್ರವನ್ನು ಅದರ ಸರಿಯಾದ ಮಗ್ಗುಲಿಗೇ ಹಾಕಬಹುದು. ಎರಡು ಬೆರಳು ತೋರಿಸಿದ. ನಾನು ಮೊಣಕಾಲು ತೋರಿಸಿ, ಕ್ಯಾಲೆಂಡರ್ ತೋರಿಸಿದೆ. ಒಂದು ಬೆರಳು ಮಡಚಿದ.

24 ಮಾರ್ಚ್, ಮಂಗಳವಾರ

ಡಿಪೊ ಇಳಿಜಾರು. ಅದೇ ಗೆರೆ. ಒಂಬತ್ತು ಹೆಜ್ಜೆ. ಮತ್ತೆ ಒಂಬತ್ತು. ಮತ್ತೆ ಎಂಟು. ಮುಂದಕ್ಕೆ.

ಇಂಜಿನ್ ಆಫ್ ಮಾಡಿ ಅಲ್ಲೇ ಕೂತೆ. ಡ್ರಮ್ಮಿನ ಮೇಲೆ ಕೈಯಿಟ್ಟರೆ ಬೆಚ್ಚಗಿತ್ತು, ಈಗಷ್ಟೇ ಎದ್ದುಹೋದವರ ಹಾಸಿಗೆಯ ಹಾಗೆ. ಡಿಪೊ ಆಚೆ ಬಸ್ಸುಗಳು ಒಂದೊಂದಾಗಿ ಮಲಗುತ್ತಿದ್ದವು. ಎಷ್ಟೋ ಸಾವಿರ ಜನಕ್ಕೆ ನಿಲ್ಲಿಸುವುದು ಕಲಿಸಿದ್ದೇನೆ. ನಿಂತ ಮೇಲೆ ಏನು ಮಾಡಬೇಕು ಎಂದು ಯಾರಿಗೂ ಹೇಳಿಕೊಟ್ಟಿಲ್ಲ.

26 ಮಾರ್ಚ್, ಗುರುವಾರ. ಮಧ್ಯಾಹ್ನ 3:40

ನಾಳೆ ಬೆಳಿಗ್ಗೆ ಏಳಕ್ಕೆ ಆಸ್ಪತ್ರೆ. ಅವಳ ಬ್ಯಾಗು ಬಾಗಿಲ ಬಳಿ. ಅವಳು ಶೂ ಹಾಕಿಕೊಳ್ಳುತ್ತಿದ್ದಾಳೆ. ಈ ಪುಸ್ತಕ ಜೇಬಿನಲ್ಲೇ ಇರಲಿ.

ಸಂಜೆ 5:10

ಗುಡ್ಡ ಹತ್ತುವಾಗ ಅವಳ ಕೈ ನನ್ನ ಹೆಗಲ ಮೇಲೆ, ಲೈಬ್ರರಿ ಪುಸ್ತಕದ ಮೇಲೆ ಇಡುವ ಹಾಗೆ. ಮೇಲೆ ಟ್ಯಾಂಕಿನ ನೆರಳಿನಲ್ಲಿ ನಿಂತು ಊರು ನೋಡಿದೆವು. ಚಾವಣಿಗಳೆಲ್ಲ ತೇಲುತ್ತಿದ್ದ ಹಾಗಿತ್ತು. ನೀರಿನ ಸದ್ದು ಕಾಂಕ್ರೀಟಿನೊಳಗಿನಿಂದ, ಬಹಳ ದೂರದ್ದೆಂಬಂತೆ. "ಇಳಿಯೋಣ" ಎಂದಳು. "ನಾನು ಹೇಳಿದಾಗ ನಿಲ್ಲಿಸಿ. ಮುಂಚೆ ಹೇಳಲ್ಲ ಎಲ್ಲಿ ಅಂತ."

ಇಳಿಜಾರು. ಕನಸಿನ ಹಾಗೇ ಇತ್ತು, ಭಾರ ಒಂದು ಬಿಟ್ಟು. ಈ ಸಲ ಅವಳ ಭಾರ ಪೂರ್ತಿ ನನ್ನ ಬೆನ್ನ ಮೇಲಿತ್ತು. ತಿರುವು ಬಂತು.

"ಇಲ್ಲಿ."

ಎರಡು ಬೆರಳು. ನಿಂತಿತು. ಅವಳ ಹೆಲ್ಮೆಟ್ ನನ್ನ ಹೆಲ್ಮೆಟ್ಟಿಗೆ ಮೆಲ್ಲಗೆ ಟಕ್ ಎಂದಿತು.

ಇಳಿದಳು. ಒಂದು ಕಡೆ ಆಳೆತ್ತರದ ಕಲ್ಲಿನ ಗೋಡೆ, ಇನ್ನೊಂದು ಕಡೆ ಉದ್ದಕ್ಕೂ ಕಬ್ಬಿಣದ ಕಟಕಟೆ, ಅದರಾಚೆ ಪ್ರಪಾತ. ಒಂಬತ್ತು ವರ್ಷದ ಹಿಂದೆಯೂ ಇದೇ ಗೋಡೆ, ಇದೇ ಕಟಕಟೆ. ಮರಳಿನ ರಾಶಿ ಮಾತ್ರ ಇಲ್ಲ.

"ನಾಯಿ ಯಾವ ಕಡೆಯಿಂದ ಬಂತು?" ಎಂದಳು. ಜಗಳಕ್ಕಲ್ಲ. ಯಾವ ಕಪಾಟು ಎಂದು ಕೇಳುವ ಹಾಗೆ.

ಕೈ ಎತ್ತಿದೆ, ತೋರಿಸಲು. ತೋರಿಸಲು ಜಾಗವಿರಲಿಲ್ಲ. ಇಳಿಸಿದೆ.

"ಬರ್ಲಿಲ್ಲ" ಎಂದೆ.

"ನಾನೂ ಹಿಂದೆ ಕೂತಿದ್ದೆ ರೀ. ನನಗೂ ಕಣ್ಣಿತ್ತು."

"ಮತ್ತೆ ಒಂಬತ್ತು ವರ್ಷ ಯಾಕೆ ಸುಮ್ನಿದ್ದೆ?"

"ನೀವು ಹೇಳ್ತೀರ ಅಂತ." ಕಟಕಟೆಗೆ ಒರಗಿ ಕಾಲು ನೀಡಿದಳು. "ಆ ಪುಸ್ತಕ ಇದೆಯಲ್ಲ ಜೇಬಲ್ಲಿ. ಅದರಲ್ಲೂ ನಾಯಿನೇ ಇರಬೇಕು. ಬರೀರಿ ಈಗ. ನಾನು ಓದಲ್ಲ. ಕಾಯ್ತೀನಿ."

ಬರೆಯುತ್ತಿದ್ದೇನೆ, ಪೆಟ್ರೋಲ್ ಟ್ಯಾಂಕಿನ ಮೇಲೆ ಪುಸ್ತಕವಿಟ್ಟು. ನಾಯಿ ಇರಲಿಲ್ಲ. ಕಂದೂ ಇಲ್ಲ, ಕಪ್ಪೂ ಇಲ್ಲ. ಬ್ರೇಕ್ ಶೂ ಸವೆದದ್ದು ಅವತ್ತಿಗೆ ಎರಡು ವಾರ ಮುಂಚೆಯೇ ಗೊತ್ತಿತ್ತು. ಇವತ್ತು ಬೇಡ, ಗಾಡಿ ಸರಿಯಿಲ್ಲ ಎಂದು ಅವಳಿಗೆ ಹೇಳಬಹುದಿತ್ತು. ಅವಳ ಎದುರು ಮೇಷ್ಟ್ರಿಗೆ ಅದನ್ನು ಹೇಳಲು ಆಗಲಿಲ್ಲ.

ಅವಳ ಮೊಣಕಾಲಿನ ಮೇಲೆ ಬಿಸಿಲು ಬಿದ್ದಿದೆ. ಮುಗೀತಾ ಎಂದು ಕೇಳುತ್ತಿದ್ದಾಳೆ. ಇನ್ನೊಂದೇ ಸಾಲು ಎಂದೆ. ತಪ್ಪಾಯಿತು ಎಂಬ ಆ ಸಾಲು ಅವಳಿಗೆ ಬಾಯಿಬಿಟ್ಟು ಹೇಳಬೇಕಾದದ್ದು, ಇಲ್ಲಿ ಬರೆಯುವುದಲ್ಲ —