ಮುಂದಿನ ಗಾಲಿ ಎಳೆಯದ ಜೀಪು

ಸರ್ದಾರ ಉಸ್ತಾದರ ಗ್ಯಾರೇಜು,
ಚಿದ್ರಿ ರಸ್ತೆ, ಬೀದರ

ಭಾಲ್ಕಿಯ ಹಾವಗೆಪ್ಪ ಮಾವನವರಿಗೆ,

ಪತ್ರದ ಮೊದಲಿಗೆ ಹಿರಿಯರಿಗೆ ಶರಣಾರ್ಥಿ ಬರೆಯಬೇಕೆಂದು ಅವ್ವ ಕಲಿಸಿದ್ದಾಳೆ. ಈ ಸಲ ಬರೆಯುವುದಿಲ್ಲ. ಮನಸ್ಸಿನಲ್ಲಿ ಇಲ್ಲದ್ದನ್ನು ಕಾಗದದ ಮೇಲೆ ಇಡುವ ರೂಢಿ ನನಗಿಲ್ಲ. ನೀವು ಅವ್ವನ ಬೆನ್ನಿಗೆ ಬಿದ್ದ ತಮ್ಮ ಎಂಬ ಒಂದೇ ಕಾರಣಕ್ಕೆ ‘ನೀವು’ ಎಂದು ಬರೆಯುತ್ತಿದ್ದೇನೆ.

ಮುಂದಿನ ಎಡಗಾಲಿ ಗುರುಗುಟ್ಟುತ್ತದೆ, ಬೇರಿಂಗ್ ನೋಡು ಎಂದು ದೀಪಾವಳಿ ಮುಗಿದ ಮೇಲೆ ಮಿಲಿಟರಿಯವರು ಮಾರಿದ ನಿಮ್ಮ ಡಿಸ್ಪೋಜಲ್ ಜೀಪನ್ನು ನನ್ನ ಹತ್ತಿರ ಕಳಿಸಿದಿರಿ. ಬೇರೆಯವರ ಕೈಗೆ ಕೊಟ್ಟಿದ್ದರೆ ಬೇರಿಂಗಿಗೆ ಗ್ರೀಸು ತುಂಬಿ ವಾಪಸು ಕಳಿಸುತ್ತಿದ್ದರು. ಅಳಿಯನ ಕೈಗೆ ಕೊಟ್ಟಿರಿ. ಅಳಿಯ ಬಾಯಿ ಮುಚ್ಚಿಕೊಂಡಿರುತ್ತಾನೆ ಎಂದುಕೊಂಡಿರಿ.

ಗಾಲಿ ಕಳಚಿ, ಹಬ್ಬಿನ ಬೋಲ್ಟುಗಳನ್ನು ಪಾನಾ ಹಾಕಿ ಬಿಚ್ಚಿ, ಎಕ್ಸಲ್ ಹಿಡಿದು ಎಳೆದೆ. ಮಾವ, ಅದು ತೋಳುದ್ದ ಬರಬೇಕು. ಗೇಣುದ್ದ ಬಂತು. ಮುಂದಿನ ಗಾಲಿ ಅತ್ತಿತ್ತ ಹೊರಳುತ್ತದಲ್ಲ, ಹೊರಳುವಾಗಲೂ ಎಂಜಿನ್ನಿನ ಎಳೆತ ತಪ್ಪದಿರಲೆಂದು ಎಕ್ಸಲಿಗೆ ಒಂದು ಕೀಲು ಇಟ್ಟಿರುತ್ತಾರೆ. ಒಳಗೊಂದು ತುಂಡು, ಹೊರಗೊಂದು ತುಂಡು, ಎರಡರ ನಡುವೆ ಉಕ್ಕಿನ ಗುಂಡುಗಳು. ನನ್ನ ಕೈಗೆ ಬಂದದ್ದು ಹೊರಗಿನ ತುಂಡು ಮಾತ್ರ. ಗುಂಡುಗಳಿಲ್ಲ, ಒಳಗಿನ ತುಂಡೂ ಇಲ್ಲ. ಬೆರಳು ಹಾಕಿ ತಡಕಿದೆ. ಎಣ್ಣೆ ಸೋರದಿರಲೆಂದು, ಎಕ್ಸಲ್ ಕೂರುವ ಕೊಳವೆಯ ಬಾಯಿಗೆ ಬಟ್ಟೆ ಸುತ್ತಿದ ಜಾಲಿ ಕಟ್ಟಿಗೆಯ ಬೆಣೆ ಬಡಿದಿತ್ತು. ಬಲಗಾಲಿಯನ್ನೂ ಬಿಚ್ಚಿದೆ. ಅಲ್ಲೂ ಅದೇ ಬೆಣೆ. ತಾನಾಗಿ ಮುರಿದ ಎಕ್ಸಲು ಎರಡೂ ಕಡೆ ಒಂದೇ ಅಳತೆಯ ಬೆಣೆ ಕೆತ್ತಿಸಿಕೊಳ್ಳುವುದಿಲ್ಲ.

ಕೈಯಲ್ಲಿ ಆ ತುಂಡು ಹಿಡಿದುಕೊಂಡು ಕೂತಲ್ಲೇ ನನಗೆ ಎಕಂಬಾದ ಹಳ್ಳ ಕಂಡಿತು.

ಮಿರಗದ ಮಳೆ ಆಗಷ್ಟೇ ಹಿಡಿದಿತ್ತು. ಎಕಂಬಾದ ಕಾಶೀರಾಮ ಪಾಟೀಲರ ಮಗಳ ಮದುವೆ. ಭಾಲ್ಕಿಯಿಂದ ಮದುಮಗನನ್ನು ಕರೆತರಲು ನಿಮ್ಮ ಜೀಪನ್ನೇ ಹೇಳಿದ್ದರು. ಎರೆ ಮಣ್ಣಿನಲ್ಲಿ ನಾಲ್ಕೂ ಗಾಲಿ ಎಳೆಯುವ ಜೀಪು ಎಂದು ಅದಕ್ಕೆ ಹೆಸರಿತ್ತು. ನೀವು ಜರಿ ರುಮಾಲು ಸುತ್ತಿ ಮುಂದೆ ಕೂತಿದ್ದಿರಿ, ನಾನು ಹಿಂದೆ. ಸ್ಟೇರಿಂಗಿನಲ್ಲಿ ಠಾಣಾ ಕುಶನೂರಿನ ಮಚ್ಛೇಂದ್ರಣ್ಣ. ಸಾಲಿ ಬಿಟ್ಟು ತಿರುಗುತ್ತಿದ್ದ ನನ್ನನ್ನು ಕೈಹಿಡಿದು ಈ ಗ್ಯಾರೇಜಿಗೆ ತಂದು ಬಿಟ್ಟವನು. ಹಳ್ಳಕ್ಕೆ ಇಳಿದ ಜೀಪು ಮೇಲೆ ಏರಲಿಲ್ಲ. ಹಿಂದಿನ ಗಾಲಿಗಳು ತಿರುಗಿ ತಿರುಗಿ ಕೆಸರಲ್ಲಿ ಹೂತುಕೊಂಡವು. ನೀವು ಚೀರಿದಿರಿ, “ಮುಂದಿನ ಲಿವರ್ ಹಾಕಲೇ!”

“ಹಾಕೀನ್ರೀ ಸಾಹುಕಾರ್ರ, ಹಾಕೀನಿ. ಮುಂದಿನ ಗಾಲಿ ಎಳೀವಲ್ಲವು,” ಎಂದ ಅವನು.

ಎಂಜಿನ್ನಿನ ಎಳೆತವನ್ನು ಮುಂದಿನ ಗಾಲಿಗೂ ಕೊಡುವ ಆ ಲಿವರ್ ಬಿದ್ದಿತ್ತು. ಕೆಳಗಿನ ಶಾಫ್ಟೂ ತಿರುಗುತ್ತಿತ್ತು. ಗಾಲಿಗೆ ಮಾತ್ರ ಸುದ್ದಿ ಮುಟ್ಟುವಂತಿರಲಿಲ್ಲ. ಯಾಕೆಂದು ಆ ಹಳ್ಳದಲ್ಲಿ ನಿಂತಿದ್ದವರಲ್ಲಿ ನಿಮಗೊಬ್ಬರಿಗೇ ಗೊತ್ತಿತ್ತು. ಗೊತ್ತಿದ್ದೂ ಜನರಿಗೆ ಕೇಳಲೆಂದು ಚೀರಿದಿರಿ. ಮದುಮಗ ಬಾಸಿಂಗ ಕೈಯಲ್ಲಿ ಹಿಡಿದು ಮೊಣಕಾಲುದ್ದ ಕೆಸರಲ್ಲಿ ನಡೆದ. ಮುಹೂರ್ತ ತಪ್ಪಿತು. ಚಪ್ಪರದ ಬಾಗಿಲಲ್ಲಿ ಕಾಶೀರಾಮ ಪಾಟೀಲರು ನಿಮ್ಮ ಮುಖ ನೋಡಿದ ಕೂಡಲೇ ನೀವು ಕಾಲಿನ ಬೂಟು ಬಿಚ್ಚಿ ಮಚ್ಛೇಂದ್ರಣ್ಣನ ಹೆಗಲಿಗೆ, ಕೆನ್ನೆಗೆ ಹೊಡೆದಿರಿ. “ಹೆಂಡ ಕುಡದು ನನ್ನ ಗಾಡಿ ಹಿಡೀತಿ ಏನಲೇ? ಲಿವರ್ ಯಾವದು, ಬ್ರೇಕ್ ಯಾವದು, ಅದರ ಖಬರ ಐತೇನು ನಿನಗ?”

“ಮಾವ, ಅಂವಾ ಕುಡದಿಲ್ಲ. ಮುಂಜಾನಿಂದ ನಾ ಅವನ ಜೋಡಿನೇ ಇದ್ದೀನಿ,” ಎಂದೆ ನಾನು.

“ಸಾಲಿ ಬಿಟ್ಟಾಂವಗ ಯಾರ್ ಕೇಳ್ಯಾರ?” ಎಂದಿರಿ. ಜನ ನಕ್ಕರು.

ಹೌದು, ಸಾಲಿ ಬಿಟ್ಟವನೇ. ಇನ್‌ಸ್ಪೆಕ್ಟರ್ ಸಾಹೇಬರು ಬಂದಾಗ, ಈ ಪಾಠ ನಮಗೆ ಹೇಳಿಕೊಟ್ಟೇ ಇಲ್ಲ ಎಂದು ಎದ್ದು ನಿಂತು ಹೇಳಿದ್ದಕ್ಕೆ ಮಾಸ್ತರರ ಕೋಲು ತಿಂದು ಹೊರಬಿದ್ದವನು. ಆಮೇಲೆ ಎಣ್ಣೆ ಗಾಣದಲ್ಲೂ ನಿಲ್ಲಲಿಲ್ಲ, ಅರಿವೆ ಅಂಗಡಿಯಲ್ಲೂ ನಿಲ್ಲಲಿಲ್ಲ. ನನ್ನ ಬಗ್ಗೆ ನೀವು ಅಂದದ್ದರಲ್ಲಿ ಸುಳ್ಳಿರಲಿಲ್ಲ. ಅವನ ಬಗ್ಗೆ ಅಂದದ್ದೆಲ್ಲ ಸುಳ್ಳು. ಅವನು ಬೇರೆ ಕೇರಿಯವನು, ತಿರುಗಿ ಕೈ ಎತ್ತುವುದಿಲ್ಲ ಎಂಬ ಧೈರ್ಯ ನಿಮಗಿತ್ತು. ಬೆಳಗಾದರೆ ವಿಭೂತಿ ಹಚ್ಚಿಕೊಂಡು ಬಸವಣ್ಣನ ಹೆಸರು ಹೇಳುವ ಬಾಯಿ ನಿಮ್ಮದು. ಅದೇ ಬಾಯಿಂದ ಅವನನ್ನು ಕುಡುಕ ಮಾಡಿದಿರಿ. ಅಂದಿನಿಂದ ಅವನಿಗೆ ಯಾರೂ ಸ್ಟೇರಿಂಗ್ ಕೊಟ್ಟಿಲ್ಲ. ಔರಾದ ರಸ್ತೆ ಕೆಲಸದಲ್ಲಿ ಖಡಿ ಕಲ್ಲು ಒಡೆಯುತ್ತಿದ್ದಾನೆ.

ಬೆಣೆ ಸಿಕ್ಕ ಸುದ್ದಿ ನಿಮಗೆ ಮುಟ್ಟಿಸಿದೆ. ಮರುದಿನವೇ ಬೀದರಕ್ಕೆ ಬಂದಿರಿ. ನಿಮ್ಮ ಮುಖದಲ್ಲಿ ನಾಚಿಕೆ ಹುಡುಕಿದೆ ಮಾವ, ನಿಜ ಹೇಳುತ್ತೇನೆ, ಸಿಕ್ಕಿದ್ದರೆ ಅಷ್ಟಕ್ಕೇ ಸುಮ್ಮನಾಗುತ್ತಿದ್ದೆನೋ ಏನೋ. ನೀವು ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತ ಹೇಳಿದಿರಿ, “ಬ್ಯಾಸಗ್ಯಾಗ ಹೈದರಾಬಾದಿನ್ಯಾಗ ಬಿಚ್ಚಿಸೀನಿ. ಗಾಲಿ ಹೊಳ್ಳುವಾಗ ಕಟಕಟ ಅಂತಿತ್ತು. ಅದರ ಸಾಮಾನ ಎಲ್ಲಿ ಸಿಗ್ತದ? ಹಿಂದಿನ ಎರಡ ಗಾಲಿ ಎಳದ್ರ ಸಾಕು, ಪೆಟ್ರೋಲೂ ಉಳೀತದ.”

“ಮಚ್ಛೇಂದ್ರಣ್ಣಗ ಯಾಕ ಹೇಳಲಿಲ್ರಿ?”

“ಹೇಳಿದ್ರ ಅಂವಾ ಡ್ರೈವರಗೋಳ ಅಡ್ಡಾದಾಗ ಎಲ್ಲಾರಿಗೂ ಹೇಳ್ತಿದ್ದ. ನಾಕೂ ಗಾಲಿ ಎಳೀತಾವ ಅಂತೇ ಅಲ್ಲೇನು ಜನ ನಮ್ಮ ಜೀಪ ಕೇಳೂದು? ನೋಡ ಅಳಿಯಾ, ಈಗ ನಮ್ಮ ಜಿಲ್ಲಾ ಮೈಸೂರ ರಾಜ್ಯಾಕ ಸೇರ್ಯದ. ಹೊಸ ಸಾಹೇಬ್ರು ಬರ್ತಾರ, ಹಳ್ಳಿ ತಿರಗಾಕ ಜೀಪ ಕೇಳ್ತಾರ. ಇಂಥಾ ಹೊತ್ತಿನ್ಯಾಗ ಹೆಸರ ಕೆಡಸಬ್ಯಾಡ. ಮುಚ್ಚಿ ಬೋಲ್ಟ ಬಿಗಿ.”

ನೀವು ಹೋದ ಮೇಲೆ, ಮೂಲೆಯಲ್ಲಿ ಕಾರ್ಬೊರೇಟರ್ ತೊಳೆಯುತ್ತಿದ್ದ ಉಸ್ತಾದರು ತಲೆ ಎತ್ತದೆ ಕೇಳಿದರು, “ಬೇಟಾ, ನಮ್ಮ ಗ್ಯಾರೇಜಿನ ಕಾಯ್ದೆ ಏನದ?”

ಬಿಚ್ಚಿ ತೆಗೆದ ಸಾಮಾನು ಮಾಲಕನದು. ಮುರಿದ ಪಿನ್ನಾದರೂ ಸರಿ, ಚಿಂದಿಯಲ್ಲಿ ಕಟ್ಟಿ ಅವನಿಗೆ ಮುಟ್ಟಿಸಬೇಕು. ನನ್ನ ಸಾಮಾನು ಬದಲಿಸಿದರು ಎಂದು ನಾಳೆ ಯಾರೂ ಅನ್ನಬಾರದು. ಅದನ್ನೇ ಹೇಳಿದೆ.

“ಹಾಂ. ಮತ್ತ ಮುಟ್ಟಿಸು. ಯಾವ ರಸ್ತಾ ಹಿಡದು ಹೋಗ್ತಿ ನಾ ಕೇಳಂಗಿಲ್ಲ,” ಎಂದರು.

ನಾನು ಔರಾದ ಬಸ್ಸು ಹಿಡಿದೆ.

ಮಚ್ಛೇಂದ್ರಣ್ಣ ಬೇವಿನ ಗಿಡದ ಕೆಳಗೆ ಖಡಿ ರಾಶಿಯ ಮೇಲೆ ಕೂತಿದ್ದ. ಗಂಟು ಬಿಚ್ಚಿ ಎರಡು ತುಂಡು, ಎರಡು ಬೆಣೆ ಅವನ ಮುಂದಿಟ್ಟೆ. ಅವನು ತುಂಡನ್ನು ಎತ್ತಿ, ಗುಂಡು ಕೂರುವ ತಗ್ಗುಗಳಲ್ಲಿ ಹೆಬ್ಬೆರಳು ಆಡಿಸಿದ. ಬೈಯುತ್ತಾನೆ ಎಂದು ಕಾದೆ. ನಿಮ್ಮ ಹೆಸರು ಹಿಡಿದು ಅವನು ಒಂದು ಮಾತು ಬೈದಿದ್ದರೂ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಅವನು ಕೇಳಿದ್ದು ಇಷ್ಟೇ, “ಅಂದ್ರ ನಾ ಲಿವರ್ ಹಾಕಿದ್ದು ಖರೇನೇ ಅದ, ಹೌದಲ್ಲ?”

ಕೇಳಿದಿರಾ ಮಾವ? ಇಷ್ಟು ತಿಂಗಳು ಅವನು ತನ್ನ ಕೈಯನ್ನೇ ನಂಬದೆ ಕೂತಿದ್ದ. ನೀವು ಅಷ್ಟು ಜೋರಾಗಿ ಅಂದಿದ್ದಿರಿ, ಜನ ಅಷ್ಟು ಸಲ ಅಂದಿದ್ದರು. ತಾನೇ ಗಾಬರಿಯಲ್ಲಿ ಬೇರೇನೋ ಎಳೆದೆನೇನೋ ಎಂದು ರಾತ್ರಿಯೆಲ್ಲ ಹೊರಳಾಡುತ್ತಿದ್ದನಂತೆ. ಬೂಟಿನ ಏಟಿಗೆ ನಿಮ್ಮನ್ನು ಬಿಟ್ಟರೂ ಬಿಟ್ಟೇನು, ಇದಕ್ಕೆ ಬಿಡುವುದಿಲ್ಲ.

ಅವನನ್ನು ಕರೆದುಕೊಂಡೇ ಎಕಂಬಾಕ್ಕೆ ಹೋದೆ. ಕಾಶೀರಾಮ ಪಾಟೀಲರ ಕಟ್ಟೆಯ ಮೇಲೆ ಸಾಮಾನು ಹರವಿದೆ. ಊರು ಸೇರಿತು. ಮದುವೆಯಲ್ಲಿ ನಕ್ಕವರೂ ಇದ್ದರು. ಯಾವುದು ಎಲ್ಲಿ ಕೂರಬೇಕು, ಏನು ಇಲ್ಲ, ಇಲ್ಲದಿದ್ದರೆ ಏನಾಗುತ್ತದೆ, ಮಚ್ಛೇಂದ್ರಣ್ಣ ತಾನೇ ತೋರಿಸಿದ. ಪಾಟೀಲರ ತಾಯಿ ಕೇಶರಬಾಯಿ ಬೆಣೆ ಎತ್ತಿ ನೋಡಿ, “ನಮ್ಮ ಎಣ್ಣಿ ಗಡಿಗಿಗಿ ಬಡದಂಗ ಬಡದಾನಲ್ಲೋ! ಭಾಲ್ಕಿ ಸಾಹುಕಾರಗ ಗಾಡಿ ಯಾವದು, ಗಡಿಗಿ ಯಾವದು, ಖಬರ ಇಲ್ಲೇನು?” ಎಂದಳು. ಕಟ್ಟೆಯೆಲ್ಲ ನಕ್ಕಿತು. ಈ ಸಲ ನಕ್ಕದ್ದು ನಿಮ್ಮನ್ನು. ನನಗೆ ಎಷ್ಟು ಹಿತವಾಯಿತೆಂದರೆ, ಅದನ್ನು ಬರೆಯಲು ನಾಚಿಕೆಯೂ ಇಲ್ಲ.

ಪಾಟೀಲರು ನಗಲಿಲ್ಲ. ಮಚ್ಛೇಂದ್ರಣ್ಣನನ್ನು ತಮ್ಮ ಪಕ್ಕ ಕೂಡಿಸಿಕೊಂಡು, “ಈ ಗಂಟು ಇಲ್ಲೇ ಇರ್ಲಿ. ಹಾವಗೆಪ್ಪನ ಸಾಮಾನ ಹಾವಗೆಪ್ಪನ ಕೈಗೇ ಕೊಡ್ತೀನಿ. ಬರ್ಲಿ,” ಎಂದರು. ನಮ್ಮ ಕಾಯ್ದೆಗೂ ಅದು ಸರಿಹೊಂದಿತು.

ಜೀಪು ತಯಾರಿದೆ. ಬೇರಿಂಗ್ ಬದಲಿಸಿದ್ದೇನೆ. ಕೊಳವೆಗೆ ಹೊಸ ಬೆಣೆ ಹಾಕಿ, ಹಬ್ಬಿನ ಬಾಯಿಗೆ ಎದ್ದು ಕಾಣುವಂತೆ ತಗಡು ಹೊಡೆದಿದ್ದೇನೆ. ಇದು ಎರಡು ಗಾಲಿ ಎಳೆಯುವ ಜೀಪು ಎಂದು ಯಾರು ಬೇಕಾದರೂ ನೋಡಿ ತಿಳಿಯಬಹುದು. ಆದರೆ ಅದನ್ನು ಭಾಲ್ಕಿಗೆ ತರುವವರಿಲ್ಲ. ಡ್ರೈವರುಗಳ ಅಡ್ಡೆಯಲ್ಲಿ ಎಲ್ಲರಿಗೂ ಹೇಳಿದ್ದೇನೆ. “ಇವತ್ತ ಮಚ್ಛೇಂದ್ರ, ನಾಳಿ ನಾ. ಆ ಗಾಡಿ ನಾ ಮುಟ್ಟಂಗಿಲ್ಲ,” ಎಂದ ಲಾಲ ಅಹ್ಮದ. ಉಳಿದವರದೂ ಅದೇ ಮಾತು. ನಿಮಗೆ ನಡೆಸಲು ಬರುವುದಿಲ್ಲ. ನನಗೆ ಬರುತ್ತದೆ, ತರುವುದಿಲ್ಲ.

ಇನ್ನು ಉಳಿದವನು ಮಚ್ಛೇಂದ್ರಣ್ಣ ಒಬ್ಬನೇ. ಎಕಂಬಾಕ್ಕೆ ಹೋಗಿ. ಅದೇ ಚಪ್ಪರ ಇದ್ದ ಜಾಗದಲ್ಲಿ, ಅದೇ ಜನರ ಎದುರು, ಅವನು ಕುಡಿದಿರಲಿಲ್ಲ, ಲಿವರ್ ಹಾಕಿದ್ದ ಎಂದು ನಿಮ್ಮ ಬಾಯಿಂದಲೇ ಹೇಳಿ. ಆಮೇಲೆ ಜೀಪು ತಂದುಕೊಡು ಎಂದು ಅವನನ್ನು ಕೇಳಿ. ಒಪ್ಪುತ್ತಾನೋ ಇಲ್ಲವೋ ನನಗೆ ತಿಳಿಯದು. ಒಪ್ಪಬೇಡ ಎಂದು ನಾನು ಹೇಳಿ ಬಂದಿದ್ದೇನೆ.

ನಿಮ್ಮ ಆಯುಷ್ಯ ದೊಡ್ಡದಿರಲಿ ಮಾವ, ಕಿವಿ ಕಡೆಯ ದಿನದವರೆಗೂ ಚುರುಕಾಗಿರಲಿ. ಎಕಂಬಾದವರು, ಔರಾದ ಕಡೆಯವರು ನಿಮ್ಮ ಬಗ್ಗೆ ಆಡುವುದನ್ನೆಲ್ಲ ನೀವು ಬಹಳ ವರ್ಷ ಕೇಳಬೇಕು.

ನಿಮ್ಮ ಅಕ್ಕ ರುಕ್ಮಿಣಿಬಾಯಿಯ ಮಗ,
ಮಡೆಪ್ಪ