ಕಂಪ್ಯೂಟರಿನ ಕುಲಾವಿ

ಅರಸೀಕೆರೆ, 20 ನವೆಂಬರ್ 2004, ಶನಿವಾರ

ತಿಂಗಳಿಂದ ತೆವಳುತ್ತಿದ್ದ ಕಂಪ್ಯೂಟರ್ ನೋಡಲು ಇವತ್ತು ರಿಪೇರಿ ಅಂಗಡಿಯ ರಂಗನಾಥ್ ಬಂದಿದ್ದರು. ಎಲ್ಲ ಅಳಿಸಿ ಹೊಸದಾಗಿ ತುಂಬಬೇಕು ಅಂದರು.

"ಅಳಿಸ್ರಿ, ಅದ್ರಲ್ಲಿ ಏನೈತೆ?" ಅಂದುಬಿಟ್ಟ ಅಣ್ಣ.

ಹೊರಗಿನವರ ಮುಂದೆ ಬಾಯಿಬಿಡದ ನಾನು ಅಡುಗೆಮನೆಯಿಂದಲೇ ಕೂಗಿದೆ. "ಬ್ಯಾಡ! ಅದ್ರೊಳಗೆ ನನ್ನ ಕತೆ ಐತೆ!"

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಕತೆ ಬರೆಯುವುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಣ್ಣ ನನ್ನನ್ನೇ ನೋಡಿದ.

ರಂಗನಾಥ್ ಅಳಿಸುವುದು ಬಿಟ್ಟು, ಅತ್ತಿಗೆ ಹೊಲಿದಿದ್ದ ಮಖಮಲ್ಲಿನ ಗವಸು ತೆಗೆದು ಡಬ್ಬ ಬಿಚ್ಚಿದರು. ಒಳಗಿನ ಫ್ಯಾನಿಗೆ ಹತ್ತಿಯ ಹಾಗೆ ಧೂಳು ಮೆತ್ತಿತ್ತು.

"ಓಡೋವಾಗ್ಲೂ ಕುಲಾವಿ ಹಾಕ್ತೀರೇನ್ರೀ ಭಾಗಮ್ಮನೋರೇ? ಬಿಸಿಯಾಗಿ ಉಸಿರು ಕಟ್ಟೈತೆ!"

"ಧೂಳು ಕೂರ್ದಿರ್ಲಿ ಅಂತ ಕಣ್ರೀ," ಅಂತ ಅತ್ತಿಗೆ ನಾಚಿಕೊಂಡರು.

ಅವರು ಧೂಳು ತೆಗೆದು ಮತ್ತೆ ಚಾಲೂ ಮಾಡಿದ ಮೇಲೆ, ಕತೆ ಉಳಿದಿದೆಯಾ ಅಂತ ನಾನು ಒತ್ತಿ ನೋಡಿದರೆ ತಟ್ಟನೆ ತೆರೆದುಕೊಂಡಿತು. ಮುಚ್ಚಲು ಹೋದೆ, ಅಣ್ಣ ಬಿಡಲಿಲ್ಲ. ಕುರ್ಚಿ ಎಳೆದುಕೊಂಡು ಕೊನೆಯ ಸಾಲಿನವರೆಗೂ ಓದಿದ.

"ಮುಂದೇನಾಯ್ತೇ?"

"ಇನ್ನೂ ಬರ್ದಿಲ್ಲ."

"ಮತ್ತೆ ನಿಂತಿದ್ದೀಯಲ್ಲೇ, ಬರಿ!"

ಕತೆಯ ಹುಡುಗಿ ಬಿಕ್ಕೋಡಿನ ಬಸ್ಸು ಹತ್ತುತ್ತಾಳೋ ಇಲ್ಲವೋ ನನಗೇ ಗೊತ್ತಿಲ್ಲ. ಹತ್ತಲಿ. ಹತ್ತಿ ಕಿಟಕಿ ಪಕ್ಕ ಕೂತ ಮೇಲೆ... ಮಿಕ್ಕಿದ್ದನ್ನು ಕಂಪ್ಯೂಟರಿನಲ್ಲೇ ಬರೆಯುತ್ತೇನೆ.